ಭಿಕ್ಷುಗಳಿಲ್ಲದ ವಿಹಾರದಲ್ಲಿ ಯಾರ ಮಾತು ನಡೆಯಬೇಕು?

ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಕಡಲ ದಾರಿಯಲ್ಲಿ ತೊಟ್ಲಕೊಂಡವೆಂಬ ಗುಡ್ಡವಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಲ್ಲೊಂದು ಬೌದ್ಧ ವಿಹಾರವಿತ್ತು. 2019ರ ಅಕ್ಟೋಬರ್ ಮಳೆಗೆ ಅಲ್ಲಿನ ಮಹಾಸ್ತೂಪ ಕುಸಿಯಿತು, ಮತ್ತೆ ಕಟ್ಟಬೇಕಾಯಿತು. ಕಟ್ಟುವುದೆಂದರೆ ಇಟ್ಟಿಗೆ, ಗಾರೆ, ಮಳೆನೀರಿಗೆ ದಾರಿ. ಅಷ್ಟೇ ಸಾಕೆ? ಭಿಕ್ಷುಗಳೇ ಇಲ್ಲದ ಮೇಲೆ ಅವರ ಆಚರಣೆಯ ಗೊಡವೆ ಯಾಕೆ?

ಯಾಕೆಂದರೆ ಆ ಗುಡ್ಡದ ಮೇಲಿನ ಪ್ರತಿ ಗೋಡೆಯನ್ನೂ ಎಬ್ಬಿಸಿದ್ದು ಆಚರಣೆಯೇ. ಮಳೆಗಾಲದಲ್ಲಿ ಭಿಕ್ಷು ತಿರುಗಾಟ ಬಿಟ್ಟು ಒಂದೆಡೆ ನೆಲೆಸಬೇಕು. ಅದಕ್ಕೇ ಸಾಲು ಕೋಣೆಗಳು, ಬಂಡೆ ಕೊರೆದ ನೀರಿನ ತೊಟ್ಟಿಗಳು. ನಡುಹಗಲು ದಾಟಿದರೆ ಉಣ್ಣುವಂತಿಲ್ಲ. ಎಲ್ಲರೂ ಹೊತ್ತಿಗೆ ಸರಿಯಾಗಿ ಕೂತೇಳಲು ಊಟದ ಮನೆ. ಪಕ್ಷಕ್ಕೊಮ್ಮೆ ಉಪೋಸಥಕ್ಕೆ ಸೇರಿ ನಿಯಮ ಪಠಿಸಲು ಒಂದು ಜಾಗ. ಸ್ತೂಪವನ್ನು ಬಲಕ್ಕಿಟ್ಟುಕೊಂಡು ನಡೆಯಲು ಸುತ್ತಲೂ ಹಾದಿ. ಆ ಹಾದಿಗೆ ಅಡ್ಡವಾಗಿ ಸಮುದ್ರ ನೋಡುವ ಕಟ್ಟೆಯನ್ನೋ ದೀಪದ ಕಂಬವನ್ನೋ ನಿಲ್ಲಿಸಿದರೆ ಉಳಿಯುವುದು ಇಟ್ಟಿಗೆಯ ಗುಪ್ಪೆ ಮಾತ್ರ. (ಪ್ರವಾಸೋದ್ಯಮದವರಿಗೆ ಕಟ್ಟೆಯೆಂದರೆ ಬಲು ಪ್ರೀತಿ.)

ಆದರೆ ಯಾವ ಆಚರಣೆ? ವಿಜಯವಾಡದ ಪಕ್ಕದ ಉಂಡವಲ್ಲಿ ಗುಹೆಗಳಲ್ಲಿ ಈ ಪ್ರಶ್ನೆ ಬಿಗಿಯಾಗುತ್ತದೆ. ನಾಲ್ಕಂತಸ್ತಿನ ಆ ಬಂಡೆಮನೆ ಮೊದಲು ಬೌದ್ಧರದ್ದೋ ಜೈನರದ್ದೋ ಎಂದು ವಿದ್ವಾಂಸರು ತರ್ಕಿಸುತ್ತಾರೆ. ಒಳಗೆ ಮಲಗಿರುವುದು ಅನಂತಪದ್ಮನಾಭ. ಮೂಲಕ್ಕೆ ಮರಳಿಸುತ್ತೇವೆಂದು ಹೊರಟವನು ನಂತರ ಬಂದವರ ಭಕ್ತಿಯನ್ನೆಲ್ಲ ಕೆರೆದು ಹಾಕಬೇಕಾಗುತ್ತದೆ. ಅದು ಜೀರ್ಣೋದ್ಧಾರವಲ್ಲ, ಜಪ್ತಿ.

ಹಾಗೆಂದು ರೂಢಿಗೆಲ್ಲ ತಲೆಬಾಗಲೂ ಆಗದು. ಅನಕಾಪಲ್ಲಿ ಬಳಿಯ ಬೊಜ್ಜನ್ನಕೊಂಡದಲ್ಲಿ ಸಂಕ್ರಾಂತಿ ಮರುದಿನದ ಕನುಮ ಹಬ್ಬಕ್ಕೆ ಊರವರು ಬೌದ್ಧ ಅವಶೇಷವನ್ನೇ ರಾಕ್ಷಸನೆಂದು ಬಗೆದು ಕಲ್ಲೆಸೆಯುತ್ತಿದ್ದರು. ಅದೂ ಆಚರಣೆಯೇ! ನನ್ನ ಅಳತೆ ಇಷ್ಟು: ಜಾಗವನ್ನು ಸವೆಸುವ ರೂಢಿಯನ್ನು ಮಾತಾಡಿ ಬಿಡಿಸಬೇಕು, ಉಳಿದದ್ದಕ್ಕೆ ಕೈ ಹಚ್ಚಬಾರದು.

ನಮ್ಮ ಸನ್ನತಿ ಬಳಿಯ ಕನಗನಹಳ್ಳಿಗೂ ಈ ಅಳತೆ ಸಲ್ಲುತ್ತದೆ. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ದೊರೆತದ್ದು ಅಲ್ಲಿಯ ಸ್ತೂಪದಲ್ಲೇ. ಫಲಕಗಳನ್ನು ಗಾಜಿನ ಹಿಂದಿಡುವುದು ಸುಲಭ, ಮಳೆಬಿಸಿಲಿನಿಂದ ಕಾಪಾಡಲೂ ಅದೇ ಕ್ಷೇಮ. ಆದರೆ ಅವನ್ನು ಕೆತ್ತಿದ್ದು ಪ್ರದಕ್ಷಿಣೆ ಹಾಕುವವರ ಕಣ್ಣಿಗೆ, ಒಂದಾದ ಮೇಲೊಂದು ಎದುರಾಗಲಿ ಎಂದು. ಮೂಲ ಫಲಕಗಳು ಒಳಗೇ ಇರಬೇಕಾಗಿ ಬಂದರೂ, ನೋಡುವವರು ಅದೇ ಕ್ರಮದಲ್ಲಿ ಸುತ್ತಿ ಬರುವಂತೆ ಜೋಡಿಸಲಿ.