ಪೆಟ್ರೋಲ್ ಬಂಕಿನ ನೌಕರ ಮತ್ತು ಕಾನೂನು

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ವಾಹನ ಚಾಲಕನು ತಾನೇ ಪೆಟ್ರೋಲ್ ತುಂಬಿಕೊಳ್ಳುವಂತಿಲ್ಲ. 1949ರ ಕಾನೂನಿನ ಪ್ರಕಾರ ಅದು ಬಂಕಿನ ನೌಕರನ ಕೆಲಸ. 1951ರಿಂದ ಇಂಥದೇ ನಿಯಮವಿದ್ದ ಓರೆಗಾನ್ ರಾಜ್ಯವು 2023ರಲ್ಲಿ ಅದನ್ನು ಸಡಿಲಿಸಿತು. ಈಗ ನ್ಯೂಜೆರ್ಸಿ ಒಂಟಿಯಾಗಿದೆ.

ಬೆಂಕಿಯ ಭಯವೇ ಈ ಕಾನೂನಿಗೆ ಕೊಟ್ಟ ಕಾರಣ. ಉಳಿದ ರಾಜ್ಯಗಳ ಜನರು ದಶಕಗಳಿಂದ ತಾವೇ ತುಂಬಿಕೊಳ್ಳುತ್ತಿರುವಾಗ ಆ ವಾದಕ್ಕೆ ಬಲವಿಲ್ಲವೆಂದು ನಾವೂ ಒಪ್ಪುತ್ತೇವೆ. ಆದರೆ ಗ್ರಾಹಕನ ಸ್ವಾತಂತ್ರ್ಯವೆಂಬ ಮಾತನ್ನು ತುಸು ಪರೀಕ್ಷಿಸೋಣ. ನೌಕರನು ಹೋದರೂ ಕೆಲಸ ಹೋಗುವುದಿಲ್ಲ. ಅದು ಗ್ರಾಹಕನ ಕೈಗೆ ಬರುತ್ತದೆ, ನೌಕರನ ಸಂಬಳ ಮಾತ್ರ ನಿಲ್ಲುತ್ತದೆ. ದುಡಿಮೆಯ ಘನತೆ ಅದರ ಫಲದಲ್ಲಲ್ಲ, ದುಡಿಯುವ ವ್ಯಕ್ತಿಯಲ್ಲಿದೆಯೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1981ರ ವಿಶ್ವಪತ್ರದಲ್ಲಿ ಬೋಧಿಸಿದರು. ಹಾಗೆಂದು ಪ್ರತಿಯೊಂದು ಉದ್ಯೋಗವೂ ಶಾಶ್ವತವಾಗಿರಬೇಕೆಂದು ಧರ್ಮಸಭೆ ಹೇಳದು.

ಓರೆಗಾನಿನ ದಾರಿ ನಮಗೆ ವಿವೇಕದ್ದಾಗಿ ತೋರುತ್ತದೆ. ಅಲ್ಲಿನ ಜನನಿಬಿಡ ಜಿಲ್ಲೆಗಳಲ್ಲಿ ಅರ್ಧದಷ್ಟು ಪಂಪುಗಳಿಗಾದರೂ ನೌಕರರ ಸೇವೆಯಿರಬೇಕು. ಎರಡೂ ಕಡೆ ಬೆಲೆ ಒಂದೇ ಇರಬೇಕು. ವೃದ್ಧರೂ ಅಂಗವಿಕಲರೂ ಹೆಚ್ಚು ಹಣ ತೆರಬೇಕಾಗಿಲ್ಲ. ನ್ಯೂಜೆರ್ಸಿಯೂ ಮುಂದೆ ಕಾನೂನು ಬದಲಿಸುವುದಾದರೆ, ಬಂಕಿನ ನೌಕರರನ್ನು ಕರೆದು ಕೇಳಿದ ಮೇಲೆಯೇ ಬದಲಿಸಲಿ.