ಪೊಟ್ಯಾಸಿಯಮ್ ಇನ್ನೂ ಏರಿಲ್ಲ, ಮನೆಗೆ ಹೋಗಿ

ಎರಡೂ ಕಿಡ್ನಿ ಕೈಕೊಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಇದು ನಮಗೆಲ್ಲ ಗೊತ್ತಿರೋದೇ. ಆದರೆ ಅಮೆರಿಕದ ಕೆಲವು ಊರುಗಳಲ್ಲಿ ಇನ್ನೊಂದು ಥರದ ಡಯಾಲಿಸಿಸ್ ಇದೆ. ಮೈ ಊದಿಕೊಂಡು, ಉಸಿರಾಡೋಕೆ ಕಷ್ಟ ಆದ ಮೇಲೆ ಎಮರ್ಜೆನ್ಸಿಗೆ ಹೋಗಬೇಕು. ಅಲ್ಲಿ ರಕ್ತ ಪರೀಕ್ಷೆ ಮಾಡ್ತಾರೆ. ಪೊಟ್ಯಾಸಿಯಮ್ ಅಪಾಯದ ಮಟ್ಟಕ್ಕೆ ಏರಿದ್ದರೆ ಒಳಗೆ ಕರೀತಾರೆ. ಇಲ್ಲದಿದ್ದರೆ ಮನೆಗೆ ವಾಪಸ್. ಇನ್ನಷ್ಟು ಕೆಟ್ಟ ಮೇಲೆ ಮತ್ತೆ ಬರಬೇಕು.

ಹೀಗೆ ಕಾಯುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯಿಂದ ಬಂದ ಬಡ ಲ್ಯಾಟಿನೊ ಜನ. ಕಟ್ಟಡ ಕೆಲಸ, ಹೋಟೆಲಿನ ಅಡುಗೆಮನೆ, ತೋಟ, ಮನೆಗೆಲಸ ಅಂತ ದುಡಿಯುವವರು. ಇವರ ಕಾಯಿಲೆ ಬೇರೆಯವರ ಕಾಯಿಲೆಯ ಹಾಗೇ ಇದೆ. ಇಲ್ಲದಿರೋದು ಆ ದೇಶದಲ್ಲಿ ಇರೋಕೆ ಬೇಕಾದ ಕಾಗದ.

ಕಾನೂನು ಹೇಗಿದೆ ನೋಡಿ. 1986ರಿಂದ ಎಮರ್ಜೆನ್ಸಿಗೆ ಬಂದ ಯಾರನ್ನೂ ಆಸ್ಪತ್ರೆ ಪರೀಕ್ಷಿಸದೆ ಕಳಿಸುವಂತಿಲ್ಲ. ಪ್ರಾಣಾಪಾಯ ಇದ್ದರೆ ಅದು ತಪ್ಪುವವರೆಗೆ ನೋಡಿಕೊಳ್ಳಲೇಬೇಕು. ಕಾಗದ ಇಲ್ಲ, ಕಾಸು ಇಲ್ಲ ಅಂತ ಇದನ್ನ ನಿರಾಕರಿಸುವಂತಿಲ್ಲ. ಆದರೆ ಅಪಾಯ ಬರೋದಕ್ಕೆ ಮುಂಚಿನ ಚಿಕಿತ್ಸೆಗೆ ಈ ರಕ್ಷಣೆ ಇಲ್ಲ. ಬಡವರಿಗಿರುವ ಸರ್ಕಾರಿ ವಿಮೆ ಮೆಡಿಕೈಡ್ ದಾಖಲೆ ಇಲ್ಲದವರಿಗೆ ಸಿಗೋದು ಎಮರ್ಜೆನ್ಸಿಗೆ ಮಾತ್ರ. ಒಬಾಮಾಕೇರ್ ಮಾರುಕಟ್ಟೆಯಲ್ಲಿ ತಮ್ಮದೇ ದುಡ್ಡು ಕೊಟ್ಟು ವಿಮೆ ಕೊಳ್ತೀವಿ ಅಂದರೂ ಆಗಲ್ಲ. ಗ್ರೀನ್ ಕಾರ್ಡ್ ಸಿಕ್ಕವರೂ 1996ರ ಕಾನೂನಿನಿಂದಾಗಿ ಮೆಡಿಕೈಡ್‌ಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು.

ಯಾವುದು ಎಮರ್ಜೆನ್ಸಿ ಅನ್ನೋದನ್ನ ಆಯಾ ರಾಜ್ಯ ತೀರ್ಮಾನಿಸುತ್ತೆ. ಹೀಗಾಗಿ ಒಂದೇ ಕಾಯಿಲೆಯ, ಒಂದೇ ಥರ ಕಾಗದವಿಲ್ಲದ ಮನುಷ್ಯನಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಸಿಕ್ಕರೆ, ಹ್ಯೂಸ್ಟನ್ ಮತ್ತು ಡೆನ್ವರ್‌ನಲ್ಲಿ ಎಮರ್ಜೆನ್ಸಿಯೇ ಗತಿಯಾಗಿತ್ತು. ಡೆನ್ವರ್‌ನ ವೈದ್ಯೆ ಲಿಲಿಯಾ ಸರ್ವಾಂಟೆಸ್ ಮತ್ತು ಸಂಗಡಿಗರು ಈ ಮೂರು ಊರುಗಳ ರೋಗಿಗಳನ್ನು ಹೋಲಿಸಿ 2018ರಲ್ಲಿ ಅಧ್ಯಯನ ಪ್ರಕಟಿಸಿದರು. ಐದು ವರ್ಷದ ಲೆಕ್ಕದಲ್ಲಿ ಎಮರ್ಜೆನ್ಸಿ ಡಯಾಲಿಸಿಸ್‌ನವರು ಸಾಯುವ ಅಪಾಯ 14 ಪಟ್ಟು ಹೆಚ್ಚಿತ್ತು. ಹದಿನಾಲ್ಕು ಪರ್ಸೆಂಟ್ ಅಲ್ಲ, ಪಟ್ಟು.

ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ ಸರ್ವರ್ ಬೀಳೋ ತನಕ ಯಾರೂ ಮುಟ್ಟಬಾರದು ಅನ್ನೋ ಪಾಲಿಸಿ ಇದು. ಇದರಿಂದ ದುಡ್ಡಾದರೂ ಉಳಿಯುತ್ತೆ ಅಂದ್ಕೊಂಡ್ರಾ? ಅದೂ ಇಲ್ಲ. ಐಸಿಯು, ಮತ್ತೆ ಮತ್ತೆ ಅಡ್ಮಿಟ್ ಆಗೋದು ಎಲ್ಲ ಸೇರಿದರೆ ಇದೇ ದುಬಾರಿ. ಕೊಲರಾಡೊ 2019ರಲ್ಲಿ ನಿಯಮ ಬದಲಿಸಿ ಎಲ್ಲರಿಗೂ ನಿಯಮಿತ ಡಯಾಲಿಸಿಸ್ ಕೊಡೋಕೆ ಶುರು ಮಾಡಿತು.

ಇಲ್ಲಿಗೇ ನಿಂತಿದ್ದರೆ ಇದನ್ನ ಇನ್ಶೂರೆನ್ಸ್ ಸಮಸ್ಯೆ ಅಂತ ಬಿಡಬಹುದಿತ್ತು. ಆದರೆ ಕಾಗದ ಇರುವವರ ಮೈಮೇಲೂ ಇದರ ಏಟು ಬೀಳುತ್ತೆ. ಅದಕ್ಕೆ ಪೋಸ್ಟ್‌ವಿಲ್ ಸಾಕ್ಷಿ.

ಪೋಸ್ಟ್‌ವಿಲ್ ಅಯೋವಾ ರಾಜ್ಯದ ಪುಟ್ಟ ಊರು. 2008ರ ಮೇ 12ರಂದು ಅಲ್ಲಿನ ಮಾಂಸ ಸಂಸ್ಕರಣಾ ಕಾರ್ಖಾನೆ ಮೇಲೆ ವಲಸೆ ಅಧಿಕಾರಿಗಳು ಹೆಲಿಕಾಪ್ಟರ್ ಸಮೇತ ದಾಳಿ ಮಾಡಿ, ಒಂದೇ ದಿನ 389 ಜನರನ್ನ ಹಿಡಿದರು. ಅವರಲ್ಲಿ ಹೆಚ್ಚಿನವರು ಗ್ವಾಟೆಮಾಲಾದವರು. ವರ್ಷಗಳ ನಂತರ ಸಂಶೋಧಕರು ಇಡೀ ಅಯೋವಾದ ಜನನ ದಾಖಲೆಗಳನ್ನ ತೆಗೆದು ನೋಡಿದರು. ದಾಳಿಯ ನಂತರದ 37 ವಾರಗಳಲ್ಲಿ ಲ್ಯಾಟಿನಾ ತಾಯಂದಿರಿಗೆ ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಹಿಂದಿನ ವರ್ಷದ ಅದೇ ಅವಧಿಗಿಂತ 24% ಹೆಚ್ಚಾಗಿತ್ತು. ಬಿಳಿಯ ತಾಯಂದಿರಲ್ಲಿ ಇಂಥ ಏರಿಕೆ ಇರಲಿಲ್ಲ. ಅಮೆರಿಕದಲ್ಲೇ ಹುಟ್ಟಿದ, ಅಂದರೆ ಹುಟ್ಟಿನಿಂದಲೇ ಪ್ರಜೆಗಳಾದ ಲ್ಯಾಟಿನಾ ತಾಯಂದಿರಲ್ಲೂ ಏರಿಕೆ ಕಂಡಿತ್ತು. ಆ ಕಾರ್ಖಾನೆಗೆ ಎಂದೂ ಕಾಲಿಡದ ಹೆಂಗಸರು ಇವರಲ್ಲಿ ಎಷ್ಟು ಮಂದಿ ಇರಬೇಡ! ಬಸುರಿ ಹೆಂಗಸನ್ನ ಹೆದರಿಸಬಾರದು ಅಂತ ನಮ್ಮಜ್ಜಿಯರು ಸುಮ್ಮನೆ ಹೇಳ್ತಿರಲಿಲ್ಲ.

ಈ ಭಯ ಆಸ್ಪತ್ರೆ ಬಾಗಿಲನ್ನೂ ಮುಚ್ಚಿಸುತ್ತೆ. ಸರ್ಕಾರಿ ನೆರವು ಪಡೆದವರಿಗೆ ಗ್ರೀನ್ ಕಾರ್ಡ್ ಕಷ್ಟ ಮಾಡುವ ನಿಯಮದ ಸುದ್ದಿ 2018ರಲ್ಲಿ ಹಬ್ಬಿತು. ನಿಯಮ ಜಾರಿಗೆ ಬಂದದ್ದು 2020ರಲ್ಲಿ, ಹೋದದ್ದು 2021ರಲ್ಲಿ. ಆದರೆ ಅದು ಬರೋಕೆ ಮೊದಲೇ, 2018ರಲ್ಲೇ, ಅರ್ಬನ್ ಇನ್‌ಸ್ಟಿಟ್ಯೂಟ್ ಸಮೀಕ್ಷೆ ಮಾಡಿದಾಗ ವಲಸಿಗ ಕುಟುಂಬಗಳ ಏಳು ಮಂದಿಯಲ್ಲಿ ಸುಮಾರು ಒಬ್ಬರು ತಾವೋ ಮನೆಯವರೋ ಹೆದರಿ ನೆರವು ಬಿಟ್ಟಿದ್ದೇವೆ ಅಂದರು. ಆ ನಿಯಮದಲ್ಲಿ ಮಕ್ಕಳು ಪಡೆದ ನೆರವು ಅಪ್ಪ ಅಮ್ಮನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಆದರೆ ಅಷ್ಟು ಸಣ್ಣ ಅಕ್ಷರ ಓದೋರ್ಯಾರು? ಎರಡು ಪಾಳಿ ದುಡಿದು ಬಂದವಳು ಫಾರ್ಮ್ ನೋಡಿ, ವಿಳಾಸದ ಕಾಲಂ ನೋಡಿ, ಬೇಡ ಬಿಡು ಅನ್ನೋದು ಸಹಜ.

ಆ ಅನುಮಾನವೂ ಸುಳ್ಳಾಗಲಿಲ್ಲ. 2025ರ ಜೂನ್‌ನಲ್ಲಿ ಮೆಡಿಕೈಡ್‌ನ ಮಾಹಿತಿಯನ್ನ, ವಿಳಾಸ ಸಮೇತ, ವಲಸೆ ಜಾರಿಯ ಇಲಾಖೆಗೆ ಕೊಟ್ಟದ್ದು ಬಯಲಾಯಿತು. ರಾಜ್ಯಗಳು ಕೋರ್ಟಿಗೆ ಹೋದವು. ಡೇಟಾಬೇಸ್ ಜೊತೆಗೇ ದಿನ ಕಳೆಯುವ ನನ್ನಂಥವರಿಗೆ ಇದು ಬಹಳ ಚುಚ್ಚುತ್ತೆ. ಚಿಕಿತ್ಸೆಗೆ ಅಂತ ತಗೊಂಡ ವಿಳಾಸವನ್ನ ಹಿಡಿಯೋದಕ್ಕೆ ಬಳಸಿದರೆ, ಆಮೇಲೆ ಎಷ್ಟೇ ಒಳ್ಳೆಯ ಆ್ಯಪ್ ಮಾಡಿದರೂ ಜನ ಫಾರ್ಮ್ ತುಂಬಲ್ಲ. ಅದೇ ವರ್ಷ ಜನವರಿಯಲ್ಲಿ, ಆಸ್ಪತ್ರೆ, ಶಾಲೆಗಳಂಥ ಕಡೆ ದಾಳಿ ಬೇಡ ಅನ್ನುವ ಹಳೆಯ ಸೂಚನೆಯನ್ನೂ ತೆಗೆದುಹಾಕಲಾಗಿತ್ತು.

ಅಲ್ಲಿರೋ ನಮ್ಮ ಕನ್ನಡದ ಗೆಳೆಯರಿಗೂ ವೀಸಾ ಚಿಂತೆ ಇದೆ, ಇಲ್ಲ ಅನ್ನಲ್ಲ. ಆದರೆ ಎಚ್-1ಬಿ ಕೆಲಸದ ಜೊತೆ ಸಾಮಾನ್ಯವಾಗಿ ಕಂಪನಿಯ ಇನ್ಶೂರೆನ್ಸ್ ಕಾರ್ಡೂ ಬರುತ್ತೆ. ಅವರ ಆಫೀಸ್ ನೆಲ ಒರೆಸುವವರ ಜೇಬಲ್ಲಿ ಎಷ್ಟೋ ಸಲ ಅದೂ ಇರಲ್ಲ. ಅಂಥವರು ಹೋಗೋದು ಆದಾಯ ನೋಡಿ ಫೀಸ್ ತಗೊಳ್ಳುವ ಸಮುದಾಯ ಕ್ಲಿನಿಕ್‌ಗಳಿಗೆ. ಕರೆದುಕೊಂಡು ಹೋಗುವವರು ಎಷ್ಟೋ ಕಡೆ ‘ಪ್ರೊಮೊತೋರಾ’ಗಳು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅದೇ ಕೇರಿಯ, ಅದೇ ಭಾಷೆಯ ಹೆಂಗಸರು.

ಕ್ಯಾಲಿಫೋರ್ನಿಯಾ ಒಂದು ಕಾಲಕ್ಕೆ ಧೈರ್ಯ ಮಾಡಿತ್ತು. ಕಾಗದ ಕೇಳದೆ 2016ರಲ್ಲಿ ಮಕ್ಕಳಿಗೆ, 2020ರಲ್ಲಿ ಯುವಜನರಿಗೆ, 2022ರಲ್ಲಿ 50 ದಾಟಿದವರಿಗೆ, 2024ರಲ್ಲಿ ಉಳಿದವರಿಗೂ ರಾಜ್ಯದ ಪೂರ್ತಿ ವಿಮೆ ಕೊಟ್ಟಿತು. ಆಮೇಲೆ ಖರ್ಚು ಏರಿತು. 2026ರ ಜನವರಿಯಿಂದ 19 ದಾಟಿದವರ ಹೊಸ ಅರ್ಜಿಗೆ ಪೂರ್ತಿ ವಿಮೆ ಇಲ್ಲ. ಮೊದಲೇ ಸೇರಿದವರು ಮುಂದುವರಿಯಬಹುದು. ಮಕ್ಕಳಿಗೆ, ಬಸುರಿಯರಿಗೆ ಬಾಗಿಲು ಇನ್ನೂ ತೆರೆದಿದೆ.