ಮರಳಿ ಏನು ತರುವೆ?

ಯುರೋಪಿನಲ್ಲಿ ಕಲಿಯುವುದರ ಲಾಭಗಳನ್ನು ಕುರಿತ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಸಂಬಳ, ಸೌಕರ್ಯಗಳ ವರ್ಣನೆಯೇ ತುಂಬಿರುತ್ತದೆ. ಜ್ಞಾನಾರ್ಜನೆಗಾಗಿ ದೂರ ಪಯಣಿಸುವುದು ನಮ್ಮ ಪರಂಪರೆಯೇ. ಅದನ್ನು ನಾವು ವಿರೋಧಿಸಲಾರೆವು. ಆದರೆ ತೋಟ ಅಡವಿಟ್ಟು ಬಡ್ಡಿ ಸಾಲ ಮಾಡುವ ಮುನ್ನ ಹೆತ್ತವರು ವಿಚಾರಿಸಲಿ. 2004ರಲ್ಲಿ ಆರಂಭವಾದ ಎರಾಸ್ಮಸ್ ಮುಂಡಸ್ ಸ್ನಾತಕೋತ್ತರ ವಿದ್ಯಾರ್ಥಿವೇತನಕ್ಕೆ ಭಾರತೀಯರೂ ಅರ್ಹರು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ; ಜೀವನವೆಚ್ಚವನ್ನು ಮಾತ್ರ ನಾವೇ ಭರಿಸಬೇಕು.

ಹಜ್ಜ್‌ನಿಂದ ಮರಳುವಾಗ ಬಾಬಾ ಬುಡನ್ ಯೆಮನಿನಿಂದ ಏಳು ಕಾಫಿ ಬೀಜಗಳನ್ನು ತಂದರೆಂಬ ಪ್ರತೀತಿ ನಮ್ಮ ಚಿಕ್ಕಮಗಳೂರಿನದು. ಮೂಡಿಗೆರೆ, ಕಳಸಗಳ ಎಷ್ಟೋ ಮನೆಗಳ ಅನ್ನ ಇಂದಿಗೂ ಆ ಬೆಳೆಯಿಂದಲೇ. ಆದ್ದರಿಂದ ಸ್ಪರ್ಧೆಗಳು ‘ಹೋದರೆ ಏನು ಸಿಗುತ್ತದೆ?’ ಎಂಬಲ್ಲಿಗೆ ನಿಲ್ಲದೆ, ‘ಮರಳಿ ಏನು ತರುವೆ?’ ಎಂದೂ ಕೇಳಲಿ. ಅಲ್ಲಿಯೇ ನೆಲೆಸಿದವರು ಊರಿನ ಒಂದು ಮಗುವಿಗಾದರೂ ದಾರಿ ತೋರಿಸಲಿ.